ಆಫ್ರಿಕಾದ ಜೊತೆ ಸಾಟಿ

ದಾಬೋಲಿಮ್
ಗೋವಾ
ಗುರುವಾರ, ಏಪ್ರಿಲ್ ೧೦

ಪ್ರಿಯ ಫರ್ಹೀನ,

ಸಲಾಂ. ಮೊದಲಿಗೆ, ಎದೆಯ ಮೇಲೆ ಕೈಯಿಟ್ಟು, ಗಂಟಲು ಸರಿಪಡಿಸಿಕೊಂಡು, ನನ್ನಿಂದಾದ ಒಂದು ಅಪರಾಧವನ್ನು ನಿನ್ನ ನ್ಯಾಯಪೀಠದ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ: ಹಾಲ್‌ನಲ್ಲಿದ್ದ ನಮ್ಮ ಮದುವೆಯ ಫೋಟೋವನ್ನು ಚೌಕಟ್ಟಿನಿಂದ ಎಬ್ಬಿಸಿ, ಆ ಜಾಗದಲ್ಲಿ ಬೇರೊಬ್ಬ ಹೆಣ್ಣನ್ನು ಕೂರಿಸಿದ್ದೇನೆ. ಗಾಬರಿಯಾಗಬೇಡ, ಅವಳಿಗೆ ಹನ್ನೊಂದು ವರ್ಷ. ಹೆಸರು ತಡಾಲಾ. ದೇಶ ಮಲಾವಿ, ಆಫ್ರಿಕಾ. ಅವಳ ಶಾಲೆಯ ಖರ್ಚು ಪ್ರತಿ ತಿಂಗಳೂ ಒಂದು ಸಂಸ್ಥೆಯ ಮೂಲಕ ನನ್ನ ಮೊಬೈಲಿನಿಂದ ಹೋಗುತ್ತದೆ. ‘ಈ ಮನುಷ್ಯನ ದೆಸೆಯಿಂದ ಒಂದು ಹುಡುಗಿಯೂ ಓದಲಾರಳು’ ಎಂದು ಹೇಳಿ ನೀನು ಮನೆ ಬಿಟ್ಟು ಮ್ಹಾಪಸಾಕ್ಕೆ ಹೊರಟೆಯಲ್ಲ, ಅದಕ್ಕೆ ಇದು ನನ್ನ ಉತ್ತರ. ಅರ್ಧಾಂಗಿ ಹೋದ ಮೇಲೆ ಉಳಿದ ಅರ್ಧ ಅಂಗ ಇಷ್ಟಾದರೂ ಮಾಡಿತು.

ನಮ್ಮ ಟ್ಯಾಕ್ಸಿ ಡ್ರೈವರ್ ಯಮನೂರನ ಕೈಯಲ್ಲಿ ನೀನು ಕಳಿಸಿದ ಚೀಟಿ ತಲುಪಿತು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದಂದಿನಿಂದ ಅವನೇ ನಮ್ಮ ಅಂಚೆ ಇಲಾಖೆ. ಚೀಟಿಯಲ್ಲಿ ಎರಡೇ ಸಾಲು: ಅಡುಗೆಯ ಹುಸೇನಬಿಯ ಮಗಳು ಮುನ್ನಿ ಯಾಕೆ ಇನ್ನೂ ಬಂದಿಲ್ಲ? ನೀನು ಕಲಿಸುವ ಶಾಲೆಯ ಒಂಬತ್ತನೇ ತರಗತಿಯಲ್ಲಿ ಅವಳ ಜಾಗವನ್ನು ಶನಿವಾರದವರೆಗೆ ಮಾತ್ರ ಹಿಡಿದಿಡಬಲ್ಲೆಯಂತೆ. ‘ಹೇಗಿದ್ದೀರಿ’ ಎಂಬ ಮೂರನೇ ಸಾಲಿಗೆ ಕಾಗದ ಸಾಲಲಿಲ್ಲವೇನೋ.

ವಿಷಯ ಹೇಳುತ್ತೇನೆ. ನಗು ಬಂದರೆ ನಗು.

ಜನವರಿಯಲ್ಲೊಂದು ದಿನ ಹುಸೇನಬಿ ಆ ಚೌಕಟ್ಟಿನ ಧೂಳು ಒರೆಸುತ್ತ ನಿಂತುಬಿಟ್ಟಳು.

“ಭಾಯ್, ಈ ಹುಡುಗಿ ಯಾರ್ರಿ?”

“ಆಫ್ರಿಕಾದಾಕಿ. ನಾನ ಓದಸಾಕತ್ತೇನಿ.”

“ನಿಮಗ ಬೀಗರೇನ್ರಿ?”

“ಯಾರೂ ಅಲ್ಲ.”

“ಯಾರೂ ಅಲ್ಲದಾಕಿಗೆ ಯಾಕ್ರಿ ಮತ್ತ?”

ಧಾರವಾಡದಲ್ಲಿ ಎಂ.ಎ. ಮಾಡಿದವನಲ್ಲವೇ ನಾನು. ‘ಪುಣ್ಯ’ ಎಂದೆ. ನಿನಗೆ ಮಾತ್ರ ನಿಜ ಹೇಳುತ್ತೇನೆ: ದೂರದ ಹುಡುಗಿ ದೂರುವುದಿಲ್ಲ. ಅವಳು ಬೆಳಗ್ಗೆ ಬಾಗಿಲು ಬಡಿಯುವುದಿಲ್ಲ, ನನ್ನನ್ನು ಹರಕು ಬನಿಯನ್ನಿನಲ್ಲಿ ನೋಡಿಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ತಾಯಿಯ ಮೇಲೆ ನಾನು ಕೂಗಾಡಿದ್ದನ್ನು ಕೇಳಿಲ್ಲ. ಈಗಾಗಲೇ ಎರಡು ಸಲ ‘ನೀವು ದೊಡ್ಡ ಮನಸ್ಸಿನವರು’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾಳೆ. ಇಷ್ಟು ವರ್ಷ ಜೊತೆಗಿದ್ದ ನೀನು ಒಮ್ಮೆಯಾದರೂ ಹಾಗೆ ಅಂದಿದ್ದೀಯಾ, ಯಾವ ಭಾಷೆಯಲ್ಲಾದರೂ? ಮುನ್ನಿಯನ್ನು ಹಿಂದಿನ ಕೋಣೆಯಲ್ಲಿಟ್ಟುಕೊಂಡು ಓದಿಸೋಣವೆಂದು ನೀನು ಹಟ ಹಿಡಿದಾಗ, ‘ಇವತ್ತು ಮುನ್ನಿ, ನಾಳೆ ಇವರ ಕೇರಿ, ಇಡೀ ಝುವಾರಿನಗರ, ಪಾಟಿಚೀಲ ಹೊತ್ತುಕೊಂಡು ಬರುತ್ತದೆ’ ಎಂದವನು ನಾನು. ಮಲಾವಿಯಿಂದ ಆ ಭಯವಿಲ್ಲ. ಅಲ್ಲಿಂದ ದಾಬೋಲಿಮ್‌ಗೆ ನೇರ ವಿಮಾನವಿಲ್ಲ.

ಮರುದಿನ ಹುಸೇನಬಿ ಹಿಟ್ಟು ನಾದುವುದನ್ನು ಅರ್ಧಕ್ಕೆ ಬಿಟ್ಟು ಬಂದಳು.

“ಭಾಯ್, ಇದು ಸಾಟಿ ಅಲ್ಲೇನ್ರಿ?”

ನಮ್ಮ ಕಡೆಯ ಸಾಟಿ ಮದುವೆ ನಿನಗೆ ಗೊತ್ತೇ ಇದೆ. ನಿಮ್ಮ ಹೆಣ್ಣು ನಮಗೆ, ನಮ್ಮ ಹೆಣ್ಣು ನಿಮಗೆ. ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಹಂಗೂ ಇಲ್ಲ. ಹುಸೇನಬಿಯ ಮದುವೆಯೇ ಹಾಗಾದದ್ದು.

“ಅವರ ಹುಡುಗೀನ ನೀವು ಓದಸಾಕತ್ತೀರಿ. ಹಂಗಾದ್ರ ಅವರು ಈ ಕಡಿ ಹುಡುಗಿ ಒಬ್ಬಾಕೀನ ಓದಸಬೇಕಲ್ರಿ. ನಿಮಗಂತೂ ಮಕ್ಕಳಿಲ್ಲ. ನಮ್ಮ ಮುನ್ನೀ ಹೆಸರು ಹೇಳ್ರಿ.”

“ನಿಮ್ಮ ಭಾಬಿ ಮ್ಹಾಪಸಾಕ್ಕ ಕರದಾಳಲ್ಲ ಆಕೀನ?”

“ಭಾಬಿ ಭಾಳ ಚಲೋ ಅದಾರ್ರಿ. ಆದ್ರ ಅದು ಉಪಕಾರ. ತಲಿ ಬಗ್ಗಿಸಿ ಉಣಬೇಕಾಗತೈತಿ. ಸಾಟಿ ಅಂದ್ರ ಸರೀಕರ ವ್ಯವಹಾರ ನೋಡ್ರಿ.”

ನಾನು ನಕ್ಕೆ. ನಕ್ಕು ಸುಮ್ಮನಾಗಬಹುದಿತ್ತು. ಕಾಲೇಜಿನ ನಾಟಕದಲ್ಲಿ ಬಹುಮಾನ ಗೆದ್ದ ಮುಖ ಮಾಡಿಕೊಂಡು, “ಫೋಟೋ ಕೊಡು, ಕಳಸ್ತೇನಿ. ಹುಡುಗೀನ ನೋಡದ ಸಾಟಿ ಹ್ಯಾಂಗ ಮಾಡ್ತಾರ?” ಎಂದೆ. ಸಂಜೆ ಗೆಳೆಯ ಮಜರನಿಗೆ ಹೇಳಲು ಒಂದು ಒಳ್ಳೆಯ ಜೋಕು ಸಿಕ್ಕಿತ್ತು.

ಅದೇ ವಾರ ಆಕೆ ಮುನ್ನಿಯನ್ನು ಝುವಾರಿನಗರದ ಸ್ಟುಡಿಯೋಕ್ಕೆ ಕರೆದೊಯ್ದಳು. ಈದ್ ಹಬ್ಬದ ಹಸಿರು ಬಟ್ಟೆ, ಎರಡು ಜಡೆ, ತಾಯಿಯ ಕಿವಿಯೋಲೆ, ಗಂಡಿನ ಕಡೆಯವರು ಬರುತ್ತಾರೆಂದು ಸಿಂಗರಿಸಿದ ಹಾಗೆ. ಎಲ್ಲವನ್ನೂ ತಾನೇ ವರ್ಣಿಸಿ ಲಕೋಟೆಯನ್ನು ನನ್ನ ಕೈಗಿಟ್ಟಳು. ಅಂದಿನಿಂದ ಪ್ರತಿ ಬೆಳಗ್ಗೆ ಚಹಾದ ಜೊತೆ ಒಂದೇ ಪ್ರಶ್ನೆ: “ಆಫ್ರಿಕಾದಿಂದ ಏನರ ಬಂತೇನ್ರಿ?” “ಬರತೈತಿ” ಎನ್ನುತ್ತಿದ್ದೆ. ಚಹಾ ಚೆನ್ನಾಗಿರುತ್ತಿತ್ತು. ಮುನ್ನಿ ಎಂಟನೇ ತರಗತಿ ಮುಗಿಸಿದಳು. ಈ ಸಲ ಇಲ್ಲಿ ಏಪ್ರಿಲ್‌ನಲ್ಲೇ ಹೊಸ ವರ್ಷದ ಶಾಲೆ ಶುರುವಾಯಿತು. ತಾಯಿ ಮಗಳು ಮ್ಹಾಪಸಾದ ಬಸ್ಸು ಹತ್ತಲಿಲ್ಲ. ಒಂದು ಮನೆಯ ಜೊತೆ ಮಾತು ನಡೆದಿರುವಾಗ ಇನ್ನೊಂದು ಮನೆ ನೋಡುವುದು ಮರ್ಯಾದೆಯಲ್ಲವಂತೆ. ಅವರು ಆಫ್ರಿಕಾಕ್ಕಾಗಿ ಕಾಯುತ್ತಿದ್ದಾರೆ.

ಹಾಗಾಗಿ ಫರ್ಹೀನ, ತಪ್ಪು ಅವರ ಭೋಳೇತನದ್ದು. ನನ್ನದು ಬರೀ ತಮಾಷೆ. ಒಂದು ವಿಷಯದಲ್ಲಂತೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ. ಆ ಹುಡುಗಿಗೆ ನಾನು ಏನೂ ಕೊಡಲಿಲ್ಲ, ಒಪ್ಪಿದೆ. ಆದರೆ ಕೊಡಲಿಯನ್ನೂ ಎತ್ತಲಿಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ‘ಇಲ್ಲ’ ಎಂದಿಲ್ಲ. ನನ್ನ ಬಾಯಿಂದ ಅವಳ ಮನಸ್ಸಿಗೆ ಒಂದು ಗೀರೂ ಬಿದ್ದಿಲ್ಲ.

ನೀನೇ ಬಂದು ಇಬ್ಬರಿಗೂ ತಿಳಿಸಿ ಹೇಳಿ ಕರೆದುಕೊಂಡು ಹೋಗು. ಆ ಹೊತ್ತಿಗೆ ನಾನು ಮನೆಯಲ್ಲಿರಬಾರದೆಂದರೆ ಇರುವುದಿಲ್ಲ.

ಇನ್ನೂ ನಿನ್ನವನೆಂದು ಬರೆಯಬಹುದಾದರೆ, ನಿನ್ನ
ಫರೀದ

ತಾ.ಕ.: ಯಮನೂರ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬೇಗ ಬರೆಯುತ್ತೇನೆ. ಮೇಲೆ ಬರೆದದ್ದು ಸುಳ್ಳು, ತಾಯಿ ಮಗಳು ಈಗ ಕಾಯುತ್ತಿಲ್ಲ. ಕಳೆದ ಭಾನುವಾರ ಮಜರ ಊಟಕ್ಕೆ ಬಂದಿದ್ದ. ಅವನೆದುರೇ ಹುಸೇನಬಿ ಅದೇ ಪ್ರಶ್ನೆ ಕೇಳಿದಳು. ಅವನು ಮುಸಿಮುಸಿ ನಕ್ಕ. ಈ ರಗಳೆ ಮುಗಿದರೆ ಸಾಕೆನಿಸಿ, “ಬಂತು. ಅವರಿಗೆ ಹುಡುಗಿ ಮನಸಿಗೆ ಬರಲಿಲ್ಲಂತ” ಎಂದುಬಿಟ್ಟೆ. ಸಾಟಿಯ ಮಾತಿನಲ್ಲೇ ಹೇಳಿದರೆ ಆಕೆಗೆ ಬೇಗ ತಿಳಿಯುತ್ತದೆ ಎಂದುಕೊಂಡೆ. ತಿಳಿಯಿತು. ಮುನ್ನಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು, ಅವಳಿಗೂ ತಿಳಿಯಿತು. ಈಗ ಮ್ಹಾಪಸಾಕ್ಕೂ ಒಲ್ಲೆ ಎನ್ನುತ್ತಾಳೆ, ಅಲ್ಲಿಯವರೂ ಬೇಡವೆಂದರೆ ಎಂಬ ಭಯ ಅವಳಿಗೆ. ಸೋಮವಾರದಿಂದ ತಾಯಿಯ ಜೊತೆ ನಮ್ಮ ಮನೆಯ ನೆಲ ಒರೆಸಲು ಬರುತ್ತಿದ್ದಾಳೆ. ಈ ಪತ್ರ ಬರೆಯುತ್ತಿದ್ದಾಗ ಮೇಜಿನ ಕೆಳಗೆ ಒರೆಸಲು ಬಂದು, ಕಾಲು ಎತ್ತಿರಿ ಎಂದಳು. ಎತ್ತಿದೆ. ಕೆಳಗಿನಿಂದಲೇ ಕೇಳಿದಳು: “ಚಾಚಾ, ಫೋಟೋದಾಗ ನಾ ನಕ್ಕಿದ್ದು ತಪ್ಪಾತೇನ್ರಿ?”

ನಕ್ಕಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಫರ್ಹೀನ. ಆ ಲಕೋಟೆಯನ್ನು ನಾನು ಬಿಚ್ಚಿಯೇ ಇಲ್ಲ.