ಕೆಮ್ಮೀನಿನ ಬೆನ್ನ ರೆಕ್ಕೆ

6 ಅಕ್ಟೋಬರ್ 2025, ಸೋಮವಾರ

ಮೀನುಗಾರಿಕೆ ಇಲಾಖೆ ಕೊಟ್ಟ ಮಾತು: ಕೆರೆಗೆ ಪೈಪಿನಲ್ಲಿ ಹೊಳೆ ನೀರು ಬಂದ ಮೇಲೆ ಊರವರು ಗಾಳ ಹಾಕಲು ಅಡ್ಡಿಯಿಲ್ಲ. ಗುತ್ತಿಗೆದಾರ ಬಿಟ್ಟ ರೋಹು ಅವನದು. ಹೊಳೆ ನೀರಿನ ಜೊತೆ ತಾನಾಗಿ ಬಂದ ಕೆಮ್ಮೀನು ನಮ್ಮದು. ನೋಡಲು ಎರಡೂ ಒಂದೇ ಥರ — ಗುರುತು ಹಿಡಿಯಲು ಏರಿಯ ಮೇಲೆ ಚಿತ್ರದ ಬೋರ್ಡ್.

ಸಿಕ್ಕಿದ್ದು: ಒಬ್ಬ ಕಾವಲುಗಾರ. ಗಾಳಕ್ಕೆ ಬಿದ್ದದ್ದೆಲ್ಲ ರೋಹು ಅನ್ನುತ್ತಾನೆ. ಬೋರ್ಡ್ ಇಲ್ಲ.

ಏಳನೇ ಅರ್ಜಿ ಬರೆದೆ. ಆರಕ್ಕೂ ಸ್ವೀಕೃತಿ ಸೀಲ್ ಇದೆ. ಉತ್ತರ ಮಾತ್ರ ಇಲ್ಲ.

9 ಗುರುವಾರ, ಸಂಜೆ

ಬೋರ್ಡ್ ಬಂತು. ಬಣ್ಣ ಚೆನ್ನಾಗಿದೆ. ‘ಹವ್ಯಾಸಿ ಗಾಳಗಾರರ ಗಮನಕ್ಕೆ: ಒಂದನ್ನೊಂದು ಹೋಲುವ ಕಡಲ ಮೀನುಗಳು.’ ಬಂಗುಡೆ. ಭೂತಾಯಿ. ಚುಕ್ಕೆಯ ಅಂಜಲ್, ಪಟ್ಟೆಯ ಅಂಜಲ್... ಕೂಡ್ಲಿಗಿ ತಾಲೂಕಿನ ಕೆರೆ ಏರಿಯ ಮೇಲೆ. ಸಮುದ್ರ ನೋಡಲು ನಾವು ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು.

ಕಚೇರಿಗೆ ಫೋನ್ ಮಾಡಿದೆ.

“ಕರಾವಳಿಗೆ ಹೋಗೋದು ಇಲ್ಲಿಗೆ ಬಂದೈತ್ರಿ ಮೇಡಂ. ಸದ್ಯಕ್ಕ ಇರ್ಲಿ ಬಿಡ್ರಿ. ಮೀನು ಮೀನೇ ಅಲ್ಲೇನ್ರಿ?”

ಮೀನು ಮೀನೇ ಆಗಿದ್ದರೆ ಕಾವಲು ಯಾಕೆ?

ಹೈವೇ ಬದಿ ಪಂಕ್ಚರ್ ಅಂಗಡಿಯ ಮೈಲಾರೇಶ್ ಬೋರ್ಡ್ ಓದಿ ಹೇಳಿದ: “ರಮಕ್ಕಾ, ಎಂಟನೇ ಅರ್ಜ್ಯಾಗ ಉಪ್ಪು ಕೇಳ್ರಿ. ಕೆರಿಗೆ ಹಾಕಿಬಿಡಾನು.”

ನಗು ಬರಲಿಲ್ಲ.

12 ಭಾನುವಾರ

ಆದದ್ದು ಇದೇ. ಮೈಲಾರೇಶನಿಗೆ ವಾರಕ್ಕೊಂದು ರಜೆ, ರಜೆಗೊಂದು ಗಾಳ. ಇವತ್ತು ಎರಡು ಕೆಜಿಯ ಒಂದು ಮೀನು ಬಿತ್ತು. ಕಾವಲುಗಾರ ಗಾದಿಲಿಂಗ ಓಡಿಬಂದು ಗಾಳದ ಕೋಲು ಕಿತ್ತುಕೊಂಡ.

“ರೋಹು ಐತಿ. ಕಳ್ಳತನ.”

“ಬೆನ್ನ ರೆಕ್ಕಿ ನೋಡಲೇ. ರೋಹುದು ಗಿಡ್ಡ, ಕೆಮ್ಮೀನಿಂದು ಉದ್ದ. ರೆಕ್ಕಿ ಕಡ್ಡಿ ಎಣಿಸು, ಇಪ್ಪತ್ತು ಅದಾವ. ರೋಹುಗೆ ಹದಿನೈದೋ ಹದಿನಾರೋ. ಮಗ್ಗಿ ಕಲ್ತಿಲ್ಲೇನು?”

“ನನಗ ಎಣಿಸಾಕ ಸಂಬಳ ಕೊಡಲ್ಲಲೇ. ಹಿಡಿಯಾಕ ಕೊಡ್ತಾರ.”

ನಾನು ನಡುವೆ ನಿಂತೆ. ಇಲಾಖೆಯ ಸಾಹೇಬರು ಬಂದು ನೋಡುವ ತನಕ ಮೀನು ಇಬ್ಬರ ಕೈಯಲ್ಲೂ ಬೇಡ. ಕಾನಹೊಸಹಳ್ಳಿಯಲ್ಲಿ ಮೀನು ಮಾರುವ ಬೊಮ್ಮಮ್ಮನ ಐಸ್ ಡಬ್ಬಿಗೆ ಹೋಯಿತು. ಅದೇ ಸಾಕ್ಷಿ.

14 ಮಂಗಳವಾರ



ಸಾಹೇಬರು ಬಂದರು. ಬೊಮ್ಮಮ್ಮ ಡಬ್ಬಿ ತೆರೆದಳು. ಹೊಟ್ಟೆ ಸೀಳಿ, ಹುರುಪೆ ಕೆರೆದು, ತಲೆ ತೆಗೆದು, ರೆಕ್ಕೆಯನ್ನೆಲ್ಲ ನುಣ್ಣಗೆ ಕತ್ತರಿಸಿಟ್ಟಿದ್ದಾಳೆ. ಥಳಥಳ ತೊಳೆದ ಮೀನು. ರೆಕ್ಕೆ ಬೆಕ್ಕಿನ ಪಾಲು.

“ಎರಡು ದಿನ ಇಡಬೇಕಂದ್ರಿ, ಕೊಳೀಬಾರ್ದು ಅಂತ ಮಾಡೀನವ್ವಾ. ಮೂವತ್ತು ವರ್ಷದ ಕೈ. ಮೀನು ಕಂಡ್ರ ತಾನ ಹೋಕೈತಿ.”

ಗಾದಿಲಿಂಗ ಹಲ್ಲು ಕಿರಿದ. ಸಾಹೇಬರು ವಾಚ್ ನೋಡಿಕೊಂಡರು. ಶುಕ್ರವಾರದೊಳಗೆ ಕೆಮ್ಮೀನು ಎಂದು ತೋರಿಸದಿದ್ದರೆ ಮೈಲಾರೇಶನ ಮೇಲೆ ಪೊಲೀಸ್ ದೂರು. ಕೆರೆಯಲ್ಲಿ ಊರವರ ಗಾಳವೆಲ್ಲ ಬಂದ್.

ಬೊಮ್ಮಮ್ಮನ ಮೇಲೆ ಕೂಗಾಡಿದೆ. ಕೂಗಬಾರದಿತ್ತು. ಗುರುತು ತೋರಿಸುವ ಸಂಬಳ ಅವಳದಲ್ಲ. ಬೋರ್ಡ್ ಹಾಕಬೇಕಾದವರು ಫ್ಯಾನಿನ ಕೆಳಗಿದ್ದಾರೆ. ನಾನು ಬೈದದ್ದು ಬಿಸಿಲಲ್ಲಿ ಕೂತವಳನ್ನು. ಇಪ್ಪತ್ತು ವರ್ಷ ಘೋಷಣೆ ಕೂಗಿ ಕಲಿತದ್ದು ಇದೇನಾ...

15 ಬುಧವಾರ, ಬೆಳಿಗ್ಗೆ 6

ಬಾಗಿಲು ಬಡಿದಳು. ಬೊಮ್ಮಮ್ಮ. ತಪ್ಪಾಯಿತು ಎಂದು ನಾನು ಶುರು ಮಾಡಿದೆ. ಕೇಳಲಿಲ್ಲ.

“ಅದೆಲ್ಲ ಇರ್ಲಿ. ನಾನು ಕತ್ತರಿಸಿದ್ದು ಮ್ಯಾಲಿನ ರೆಕ್ಕಿ. ಬುಡದ ಮುಳ್ಳು ಮಾಂಸದಾಗ ಹಂಗ ಅದಾವ, ಕಡ್ಡಿಗೊಂದು. ಉಣ್ಣೋವಾಗ ಗಂಟಲಿಗೆ ಸಿಗಲ್ಲೇನು? ಬೇಯಿಸಿದ್ರ ಸಾಲಾಗಿ ಹೊರಗ ಬರ್ತಾವ. ಜೋಡಿ ಒಂದು ರೋಹು ಬೇಯಿಸ್ತೀನಿ. ಎರಡೂ ಎಣಿಸ್ಲಿ.”

“ಎಲ್ಲಿ ಬೇಯಿಸ್ತಿ?”

“ಮನ್ಯಾಗ ಬೇಯಿಸಿ ತಂದ್ರ ನಂಬ್ತಾರೇನು? ಸಾಹೇಬರ ಟೇಬಲ್ ಮ್ಯಾಲೆ.”

ಎಂಟನೇ ಅರ್ಜಿ. ಎರಡೇ ಸಾಲು. ಸ್ಟೋವ್ ಮೈಲಾರೇಶನದು, ಪಾತ್ರೆ ನನ್ನದು. ಮುಳ್ಳು ಎಣಿಸುವವನು ಗಾದಿಲಿಂಗನೇ ಆಗಬೇಕು ಅಂತ ಬೊಮ್ಮಮ್ಮನ ಹಟ. ಮಸಾಲೆ ಹಾಕುವುದಿಲ್ಲವಂತೆ, ತಿಂದುಬಿಟ್ಟಾರು.

ಸೀಲ್ ಹಾಕಿಸಿಕೊಂಡು ಬಂದೆ. 17 ಶುಕ್ರವಾರ, ಬೆಳಿಗ್ಗೆ 11ಕ್ಕೆ, ಕಚೇರಿಯ ಒಳಗೆ ಸ್ಟೋವ್ ಹಚ್ಚುತ್ತೇವೆ.