ಉಪ್ಪುನೀರಿನ ತೊಟ್ಟಿಗೆ ಹಾಕಿದ ಮದ್ದು

ಕುಂಬ್ರ
10-11-2025, ಸೋಮವಾರ

ಪ್ರೀತಿಯ ಗಾನಶ್ರೀ,

ಮಂಡೆಕೋಲಿನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಅಪ್ಪನ ಮೊಣಕಾಲು ನೋವು ಹೇಗುಂಟು? ಎಣ್ಣೆ ಹಚ್ಚುವುದಾದರೆ ಬಿಸಿ ಮಾಡಿ ಹಚ್ಚಲಿ, ತಣ್ಣಗಿನದು ಹಚ್ಚಿದರೆ ಎಣ್ಣೆಯೂ ದಂಡ, ಕೈಯೂ ದಂಡ. ಹೋಗುವಾಗ ನಿನಗೆ ಶೀತವಿತ್ತು, ಗುಣವಾಯಿತೇ? ನಾನು ಚೆನ್ನಾಗಿದ್ದೇನೆ. ಮೂರು ಹೊತ್ತು ಉಣ್ಣುತ್ತೇನೆ, ಬಿ.ಪಿ. ಮಾತ್ರೆಯೂ ತಪ್ಪಿಲ್ಲ. ಫೋನು ಇರುವಾಗ ಈ ಮುದುಕಿಗೆ ಕಾಗದವೇಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು "ಊಟ ಆಯ್ತಾ ಅತ್ತೆ" ಅನ್ನುತ್ತೀ, ನಾನು "ಆಯ್ತು" ಅನ್ನುತ್ತೇನೆ, ಅಷ್ಟರಲ್ಲಿ ನಿನ್ನ ಗಂಡ ಕಿವಿ ಇಷ್ಟುದ್ದ ಮಾಡಿಕೊಂಡು ಬಾಗಿಲಲ್ಲಿ ನಿಂತಿರುತ್ತಾನೆ. ಕಾಗದಕ್ಕೆ ಆ ಕಾಟವಿಲ್ಲ. ಅಂಚೆಗೆ ನಾನೇ ಹೋಗಿ ಹಾಕುತ್ತೇನೆ.

ಹೋಗುವ ದಿನ ನನ್ನ ಕೈ ಹಿಡಿದು "ನನ್ನ ಕೈಯಿಂದಲೇ ಸತ್ತದ್ದು ಅತ್ತೆ, ನೀರು ಬದಲಿಸಿದ್ದು ನಾನೇ ಅಲ್ವಾ" ಎಂದು ಅಳುತ್ತಾ ಬಸ್ಸು ಹತ್ತಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತೊಟ್ಟಿಯಲ್ಲಿ ನಿನ್ನ ಕೈಯಿಂದ ಏನೂ ಸತ್ತಿಲ್ಲ. ಕೊಂದವನು ನನ್ನ ಮಗ. ದೀಪಾವಳಿಗೂ ನೀನು ಬರಲಿಲ್ಲ ಎಂದು ಊರಿಡೀ ಮುಖ ಸಪ್ಪೆ ಮಾಡಿಕೊಂಡು ತಿರುಗಿದನಲ್ಲ, ಅದೇ ಕೃಷ್ಣಮೋಹನ.

ಆ ಗಾಜಿನ ತೊಟ್ಟಿ ಮನೆಗೆ ಬಂದದ್ದೇ ಒಣ ಜಂಭಕ್ಕೆ. ಮೀನು ತಿನ್ನದ ಮನೆಯಲ್ಲಿ ಸಮುದ್ರದ ಮೀನು! ಪುತ್ತೂರಿನಲ್ಲಿ ಯಾರೋ ಡಾಕ್ಟರರ ಮನೆಯಲ್ಲಿ ಕಂಡನಂತೆ, ಕೂಡಲೇ ನಮ್ಮ ಗೊಬ್ಬರ, ಮದ್ದಿನ ಅಂಗಡಿಯ ಯಜಮಾನರಿಗೂ ಒಂದು ಬೇಕಾಯಿತು. ತಂದವನಿಗೆ ಇಡುವಾಗಲಾದರೂ ಬುದ್ಧಿ ಬೇಡವೇ? ರಸ್ತೆಯಲ್ಲಿ ಹೋಗುವವರಿಗೆ ಕಾಣಲಿ ಎಂದು ಕಿಟಕಿಯ ಬುಡದಲ್ಲಿಟ್ಟ. ಹಗಲಿಡೀ ಬಿಸಿಲು, ಬಿಸಿಲು ಹೋದ ಮೇಲೆ ದೀಪ. ಬಂದವರಿಗೆಲ್ಲ ಮೀನು ಬಾಯಿ ತೆರೆಯುವುದನ್ನು ತೋರಿಸಬೇಕೆಂದು ಆಗಾಗ ಮುಷ್ಟಿಗಟ್ಟಲೆ ತಿಂಡಿ. ತಿಂದು ಉಳಿದದ್ದು ಕೊಳೆತರೆ ಪಾಚಿಗೆ ಗೊಬ್ಬರವಾಗುತ್ತದೆ ಎಂದು ಗೊಬ್ಬರ ಮಾರುವವನಿಗೆ ಹೇಳಿಕೊಡಬೇಕೇ? ನೀನು ಹೇಳಿದೆ, ಪಾಪ. "ಪಾಚಿಗೆ ಮದ್ದು ಬೇಡ, ತಿಂಡಿ ಕಡಿಮೆ ಮಾಡಿ, ಬಿಸಿಲು ತಪ್ಪಿಸಿ, ಬಾವಿ ನೀರು ಹಾಕ್ಬೇಡಿ" ಎಂದೆ. "ನಿಂದು ಪುಸ್ತಕದ ಜುವಾಲಜಿ, ನಂದು ಅನುಭವ" ಎಂದು ನಕ್ಕ. ಅನುಭವವಂತೆ! ಶೀಷೆಯ ಮೇಲಿನ ಚೀಟಿ ಓದಿ ಹೇಳುವುದಕ್ಕೆ ಅನುಭವ ಅನ್ನುವುದಾದರೆ ನಮ್ಮ ಬೆಕ್ಕಿಗೂ ಹಾಲಿನ ವ್ಯಾಪಾರದಲ್ಲಿ ಅನುಭವ ಉಂಟು.

ಕಲ್ಲಿನ ಮೇಲೆ ಹಸಿರು ಕೂದಲಿನ ಹಾಗೆ ಪಾಚಿ ಬೆಳೆದಾಗ ಕೈ ಹಾಕಿ ಕಿತ್ತವಳು ನೀನು. ಸೋಸಿದ ನೀರಿಗೆ ಉಪ್ಪು ಅಳೆದು ಕದಡಿ, ನಿನ್ನ ಆ ಬಿಳಿ ಬಕೆಟಿನಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿದವಳು ನೀನು. ತೊಟ್ಟಿ ಮಾರಿದ ಅಸ್ಕರನಿಗೆ ಫೋನು ಮಾಡಿ ಮಂಗಳೂರಿನಿಂದ ಪಾಚಿ ತಿನ್ನುವ ಬಸವನಹುಳುಗಳನ್ನು ತರಿಸಿದವಳೂ ನೀನೇ. ಅವು ನೆಕ್ಕಿಕೊಂಡು ಹೋದ ದಾರಿಯಲ್ಲಿ ಗಾಜು ಫಳಫಳ ಹೊಳೆಯುತ್ತಿತ್ತು. ನಾನು ಜಪಸರ ಹಿಡಿದು ಅದನ್ನೇ ನೋಡುತ್ತಾ ಕೂರುತ್ತಿದ್ದೆ, ಜಪ ಎಷ್ಟಾಯಿತೋ ದೇವರೇ ಬಲ್ಲ. ಅವುಗಳ ಪಾಡಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಮದ್ದಿನ ಕಂಪೆನಿಯವರು ಊಟಕ್ಕೆ ಬರುವವರಿದ್ದರಲ್ಲ! ನಮ್ಮ ಮಹಾರಾಯನಿಗೆ ಮರುದಿನವೇ ಗಾಜು ಹೊಳೆಯಬೇಕಿತ್ತು.

ಊಟದ ಆ ಮಧ್ಯಾಹ್ನ ನೀನು ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ಹುಳುಗಳೆಲ್ಲ ಗಾಜು ಬಿಟ್ಟು ಕೆಳಗೆ ಬಿದ್ದಿದ್ದವು, ಕೆಂಪು ಸಿಗಡಿ ಅಂಗಾತ ಮಲಗಿತ್ತು, ಹೂವಿನ ಹಾಗೆ ಅರಳುವ ಆ ಪ್ರಾಣಿ, ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಮುದುಡಿ ಲೋಳೆಯಾಗಿತ್ತು. ಕಂಪೆನಿಯವರು ಕೇಳಿದಾಗ ನನ್ನ ಮಗ ಎಲೆಯಿಂದ ತಲೆ ಎತ್ತದೆ "ಇವಳೇ ನೋಡಿಕೊಳ್ಳುದು ಮಾರಾಯ್ರೆ, ನೀರು ಬದಲಿಸುವಾಗ ಎಂತದೋ ಎಡವಟ್ಟು ಮಾಡಿದ್ದಾಳೆ" ಎಂದ. ಎಲ್ಲರೂ ನಿನ್ನ ಮುಖ ನೋಡಿದರು. ನೀನು ನಂಬಿದೆ, ಹಾಳಾದ್ದು ನಾನೂ ನಂಬಿದೆ.

ಮೊನ್ನೆ ಬಚ್ಚಲಿನ ಸೌದೆಯ ಹಿಂದೆ ನಿನ್ನ ಬಿಳಿ ಬಕೆಟ್ ಸಿಕ್ಕಿತು. ತಳದಲ್ಲಿ ನೀಲಿ ಕಲೆ. ಮೈಲುತುತ್ತು, ಕೂಸೇ! ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದಿನ ಬಣ್ಣ ನನಗೆ ತಿಳಿಯದೇ? ನಿನ್ನ ಮಾವನ ಅಂಗಿಗಳಿಂದ ಅದನ್ನು ಉಜ್ಜಿಯೇ ನನ್ನ ಪ್ರಾಯ ಕಳೆಯಿತು. ಮರುದಿನ ಅವನು ಅಸ್ಕರನೊಡನೆ ಮಾತಾಡುವುದೂ ಕೇಳಿಸಿತು, ಸ್ಪೀಕರಿಗೆ ಹಾಕಿ ಊರಿಗೆ ಕೇಳುವ ಹಾಗೆ ಮಾತಾಡುವ ಚಟವಲ್ಲವೇ. "ಸ್ವಲ್ಪವೇ ಹಾಕಿದ್ದು ಮಾರಾಯ, ಪಾಚಿ ಸಾಯ್ಲಿ ಅಂತ. ಅವಳಿಗೆ ಹೇಳ್ಬೇಡ." ಅಸ್ಕರ್ ಆ ಕಡೆಯಿಂದ "ಮೈಲುತುತ್ತು ಹಾಕಿದ್ರೆ ಹುಳ ಉಳಿತದಾ ಮಾರಾಯ್ರೆ? ಕಲ್ಲು, ತಳದ ಹೊಯ್ಗೆ ಎಲ್ಲ ಅದನ್ನು ಕುಡಿದಿರ್ತದೆ. ಬಿಸಾಡಿ ಹೊಸತು ಮಾಡಿ" ಎಂದು ಫೋನು ಇಟ್ಟ.

ಗೊತ್ತಿಲ್ಲದೆ ಮಾಡಿದ ಎನ್ನೋಣವೆಂದರೆ ಅದಕ್ಕೂ ದಾರಿಯಿಲ್ಲ. ತೋಟದಲ್ಲಿ ಬಸವನಹುಳು ಕಾಟ ಎಂದು ಬಂದವರಿಗೆ ಇದೇ ಮೈಲುತುತ್ತನ್ನು ತೂಗಿ, ಪೊಟ್ಟಣ ಕಟ್ಟಿ, "ಒಂದೂ ಉಳಿಯುದಿಲ್ಲ" ಎಂದು ಬೆನ್ನು ತಟ್ಟಿ ಕಳಿಸುವವನು ಇವನೇ ಅಲ್ಲವೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇವನು ಎಮ್ಮೆಯನ್ನು ಕೊಂದು, ಹೆಂಡತಿಯ ಕೈಯಲ್ಲಿ ಬರೆಯ ಕಬ್ಬಿಣ ಇಟ್ಟ. ಇಷ್ಟು ಮಾಡಿ ಪಾಚಿಯಾದರೂ ಹೋಯಿತೇ? ನೀನು ಹೋದ ಮೇಲೆ ತಿಂಡಿಯೂ ಬಿಸಿಲೂ ಮೊದಲಿನಂತೆ, ಪಾಚಿಯೂ ಮೊದಲಿನಂತೆ ಬಂತು, ತಿನ್ನುವವರು ಮಾತ್ರ ಇಲ್ಲ. ಈಗ ನಾನು ತೊಟ್ಟಿಗೆ ಹಳೆ ಸೀರೆ ಹೊದಿಸಿ, ದೀಪದ ವಯರು ಕಿತ್ತು, ತಿಂಡಿಯ ಡಬ್ಬಿ ನನ್ನ ಕಪಾಟಿನಲ್ಲಿಟ್ಟಿದ್ದೇನೆ. ಎರಡು ಕಿತ್ತಳೆ ಮೀನು ಬದುಕಿವೆ. ನಾನೇ ಒಂದೊಂದು ಚಿಟಿಕೆ ಹಾಕುತ್ತೇನೆ.

ಅವನನ್ನು ಕೇಳಿಲ್ಲ. ಕೇಳಿದರೆ "ತಪ್ಪಾಯ್ತಮ್ಮ" ಎಂದು ನನ್ನೆದುರು ಕಣ್ಣು ಒದ್ದೆ ಮಾಡಿ, ಎರಡು ದೋಸೆ ಹೆಚ್ಚಿಗೆ ತಿಂದು, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದವರು ಈ ಹೆಗ್ಗಣವನ್ನು ಕಂಡಿಲ್ಲ. ಜನರೆದುರು ಹೊರಿಸಿದ್ದನ್ನು ಜನರೆದುರೇ ಇಳಿಸಬೇಕು, ಅದೂ ನಿನ್ನ ಕಣ್ಣೆದುರು. ನೀನಿಲ್ಲದ ಮನೆ ನನಗೂ ರುಚಿಸುವುದಿಲ್ಲ, ಆದರೂ ತಲೆ ತಗ್ಗಿಸಿಕೊಂಡು ನೀನು ಬರುವುದು ಬೇಡ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ, ನಿನ್ನ ಕೈ ತಣ್ಣಗಿರಲಿ.

ನಿನ್ನ ಅತ್ತೆ,
ಮನೋರಮಾ

ಕಾಗದ ಮಡಚುವಷ್ಟರಲ್ಲಿ ಅವನೇ ಬಂದು ಹೇಳಿ ಹೋದ: ಬರುವ ಭಾನುವಾರ ನಿನ್ನನ್ನು ಕರೆಯಲು ಬರುತ್ತಾನೆ. "ನಿನಗೆ ಬಿ.ಪಿ. ಏರಿದೆ ಅಂತ ಹೇಳ್ತೇನೆ ಅಮ್ಮ, ಅವಳು ಫೋನು ಮಾಡಿದ್ರೆ ನೀನೂ ಹಾಗೇ ಹೇಳು" ಎಂದು ನನಗೇ ಪಾಠ! ನಂಬಬೇಡ. ನಿನ್ನ ಅಮ್ಮ ನೆಡಲು ಕೇಳಿದ್ದ ದಾಸವಾಳದ ಗೆಲ್ಲುಗಳನ್ನು ಅವನ ಕೈಯಲ್ಲೇ ಕಳಿಸುತ್ತೇನೆ, ಅದೇ ಬಿಳಿ ಬಕೆಟಿನಲ್ಲಿ, ಸುತ್ತ ಗೋಣಿ ಹೊಲಿದು. ಬಿಚ್ಚಿ ನೋಡುವಷ್ಟು ವ್ಯವಧಾನ ಅವನಿಗೆಲ್ಲಿ? ಗೆಲ್ಲು ತೆಗೆದ ಮೇಲೆ ಬಕೆಟನ್ನು ಚಾವಡಿಯ ನಡುವೆ, ಎಲ್ಲರೂ ಕೂತಿರುವಾಗ, ಅವನ ಮುಂದೆ ಇಡು. ಮದ್ದು ಹಾಕಿದ್ದು ತಾನೇ ಎಂದು ಬಾಯಿಬಿಟ್ಟು ಹೇಳಿದರೆ ಬಾ ಕೂಸೇ, ನಾನು ಗೇಟಿನಲ್ಲೇ ನಿಂತಿರುತ್ತೇನೆ. ಹೇಳದಿದ್ದರೆ ಕಾಫಿ ಕೊಟ್ಟು ಬಂದ ಬಸ್ಸಿನಲ್ಲೇ ಕಳಿಸು. ಬಕೆಟ್ ಮಾತ್ರ ಕೊಡಬೇಡ.