ಪರೀಕ್ಷೆಯ ಕೋಣೆಯಲ್ಲಿ ಒಂದು ಪಿಸುಮಾತು

ಪಿಲ್ಸೆನ್, ಶಿಕಾಗೊ
೧೦ ಫೆಬ್ರವರಿ ೧೯೮೮, ಬುಧವಾರ ಸಂಜೆ

ಮೆಕ್ಸಿಕೊದ ನಮ್ಮ ಅತ್ಲಿಸ್ಕೊ ಊರಿನ ಅಂಗಳದಲ್ಲಿ ನೆರೆದಿರುವ ಮಹಾಜನಗಳೇ! ಅತ್ತೆಯವರೇ, ಭಾವಮೈದುನರೇ, ಗೋಡೆಯಾಚೆ ಕಿವಿಗೊಟ್ಟು ನಿಂತಿರುವ ನೆರೆಮನೆಯವರೇ! ಈ ಕಾಗದವನ್ನು ಗಟ್ಟಿಯಾಗಿ ಓದಿಸುತ್ತೀರೆಂದು ಬಲ್ಲೆ. ಎಲ್ಲರಿಗೂ ಅಬುಂದಿಯೊನ ನಮಸ್ಕಾರ. ಇನ್ನು ಗದ್ದಲ ಬೇಡ, ನಾನು ನನ್ನ ಹೆಂಡತಿಯೊಡನೆ ಮಾತಾಡಬೇಕು.

ಪ್ರೀತಿಯ ಹೆರ್ಮೆಲಿಂದಾ, ಹೇಗಿದ್ದೀಯೆ? ಅತ್ತೆಯವರ ಸೊಂಟನೋವು ಇಳಿಯಿತೇ? ನಿನ್ನ ಕಣ್ಣಿನ ಪೊರೆ ಹೆಚ್ಚಿತೇ? ದೀಪ ಹಚ್ಚಿದ ಮೇಲೆ ಹೊಲಿಗೆ ಹಿಡಿಯಬೇಡ, ನನ್ನಾಣೆ. ನಾನು ಕ್ಷೇಮ ಎಂದು ಬರೆಯಬೇಕು, ಆದರೆ ಕೂತರೆ ಏಳುತ್ತೇನೆ, ಎದ್ದರೆ ಕೂರುತ್ತೇನೆ. ಒಲೆಯ ಮೇಲಿನ ಕಾಫಿ ಉಕ್ಕಿ, ಬತ್ತಿ, ಪಾತ್ರೆ ಸೀದುಹೋಯಿತು.

ಎಲ್ಲಾ ಆ ಇಂಗ್ಲಿಷ್ ಪಾಠದ್ದು. ಚರ್ಚಿನ ನೆಲಮಾಳಿಗೆಗೆ ನನ್ನನ್ನು ತಳ್ಳಿ ಕಳಿಸಿದವಳು ನೀನೇ. "ನಾನು ಶಿಕಾಗೊಗೆ ಬಂದಾಗ ಕಣ್ಣಿನ ಡಾಕ್ಟರ ಹತ್ರ ಇಂಗ್ಲಿಷ್ ಮಾತಾಡಕ್ಕೆ ಅಂತ ಊರೋರನ್ನೆಲ್ಲಾ ಎಳ್ಕೊಂಡು ಹೋಗಕ್ಕೆ ನಂಗಾಗಲ್ಲ, ನೀನೇ ಕಲ್ತು ಮಾತಾಡು" ಅಂದೆಯಲ್ಲ, ಕಲಿಯುತ್ತಿದ್ದೇನೆ! ಟೀಚರು ಮಿಸ್ ನೊವಾಕ್ ಒಳ್ಳೆಯವಳೇ, ಆದರೆ ಇವರ ಭಾಷೆಯಲ್ಲಿ ಸೊಳ್ಳೆಯಂಥ ಪದಗಳಿವೆ, 'ಎ' ಅಂತೆ, 'ದಿ' ಅಂತೆ. ನಾವು ಹಾಕುವಲ್ಲಿ ಹಾಕಬಾರದು, ಬಿಡುವಲ್ಲಿ ಬಿಡಬಾರದು. 'ನಾನು ನಟ' ಎಂದು ಎದೆ ತಟ್ಟಿ ಹೇಳಿದರೆ, ಅಲ್ಲ, 'ನಾನು ಒಬ್ಬ ನಟ' ಎನ್ನಬೇಕಂತೆ. ಒಬ್ಬ! ಪಕ್ಕದ ಬೀದಿಯಲ್ಲಿ ಇನ್ನೂ ಹತ್ತು ಜನ ಇದ್ದಾರೇನೋ ಎಂಬಂತೆ!

ಮೊನ್ನೆ ಸೋಮವಾರ ಪರೀಕ್ಷೆ ಇತ್ತು. ನಮ್ಮ ಮೆಟ್ಟಿಲ ಕೆಳಗಿನ ಮನೆಯ ವಿಧವೆ ದೊಮಿತಿಲಾ ಗೊತ್ತಲ್ಲ? ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಕೊಡುತ್ತಾರೆ, ಆದರೆ ಪಾಸಾದ ಸರ್ಟಿಫಿಕೇಟು ಬೇಕು. ಮಿಸ್ ನೊವಾಕ್ ಫೋನಿಗೆಂದು ಹೊರಗೆ ಹೋದಳು. ದೊಮಿತಿಲಾ ಪೆನ್ಸಿಲು ಕಚ್ಚುತ್ತಾ ನನ್ನತ್ತ ನೋಡಿದಳು. ನಾನೇನು ಮಾಡಲಿ? ನಮ್ಮ ಟೆಂಟು ನಾಟಕದಲ್ಲಿ ಜೊತೆಯವರು ಮಾತು ಮರೆತು ನಿಂತಾಗ ಎತ್ತಿಕೊಡದಿದ್ದರೆ ಅದು ಕೊಲೆಗಿಂತ ದೊಡ್ಡ ಪಾಪ. ಎತ್ತಿಕೊಟ್ಟೆ. ಆದರೆ ನನ್ನ ಪಿಸುಮಾತು ಟಿಕೆಟ್ ಕೌಂಟರಿನವರೆಗೆ ಕೇಳಿಸುವಂಥದ್ದು! ಇಡೀ ಕ್ಲಾಸು ಕೇಳಿಸಿಕೊಂಡಿತು, ಇಡೀ ಕ್ಲಾಸು ಬರೆಯಿತು. ಚಿತ್ರದಲ್ಲಿ ಗುಮಾಸ್ತನೊಬ್ಬ ಫೈಲು ಹಿಡಿದಿದ್ದ. ಫೈಲೆಂದರೆ ನಮ್ಮ ಸ್ಪ್ಯಾನಿಷಿನ 'ಕಾರ್ಪೆತಾ' ಅಲ್ಲವೇ, ಧೈರ್ಯವಾಗಿ 'ಕಾರ್ಪೆಟ್' ಎಂದಿದ್ದೆ. ಇವರಲ್ಲಿ ಅದು ನೆಲಹಾಸಂತೆ! ಎಲ್ಲರ ಉತ್ತರದಲ್ಲೂ ಆ ಬಡಪಾಯಿ ನೆಲಹಾಸನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಫೀಸಿಗೆ ಹೊರಟಿದ್ದಾನೆ.

ಮಿಸ್ ನೊವಾಕ್ ನಗಲಿಲ್ಲ. ಹೇಳಿಕೊಟ್ಟವರು ಎದ್ದು ನಿಲ್ಲುವವರೆಗೆ ಯಾರಿಗೂ ಸರ್ಟಿಫಿಕೇಟಿಲ್ಲ, ನಿಂತವರಿಗೆ ಈ ವರ್ಷ ಕ್ಲಾಸಿಲ್ಲ ಎಂದಳು. ಒಬ್ಬರೂ ನನ್ನ ಕಡೆ ನೋಡಲಿಲ್ಲ, ಎಲ್ಲರೂ ತಮ್ಮ ಬೂಟು ನೋಡಿದರು. ನಾನೂ ನನ್ನ ಬೂಟು ನೋಡಿದೆ. ಹೊರಗೆ ನಮ್ಮ ಕ್ಲಾಸಿನ ಗಾರೆ ಕೆಲಸದ ಫಿದೆನ್ಸಿಯೊ ನನ್ನ ಕಾಲರು ಹಿಡಿದು, "ಜನ್ಮದಲ್ಲಿ ಬಾಯಿ ಮುಚ್ಚಿದೋನಲ್ಲ, ಈಗಾದ್ರೂ ಮುಚ್ಕೊಂಡಿರು ಮುದುಕಾ!" ಎಂದ. ದೊಮಿತಿಲಾ ಸೆರಗಿನಂತೆ ಶಾಲು ಎಳೆದುಕೊಂಡು, "ಅಡುಗೆಮನೆ ಇದಲ್ದಿದ್ರೆ ಇನ್ನೊಂದು, ದೋನ್ ಅಬುಂದಿಯೊ. ಹೆರ್ಮೆಲಿಂದಾಗೆ ಬೇರೆ ಕಣ್ಣು ಎಲ್ಲಿಂದ ತರ್ತೀರಾ? ನೀವು ಪಾಠಕ್ಕೆ ಬನ್ನಿ" ಎಂದಳು. ಅವತ್ತಿನಿಂದ ಕೋಣೆಯಲ್ಲಿ ಶತಪಥ ಹಾಕುತ್ತಿದ್ದೇನೆ.

ಅತ್ತೆಯವರ ಕೈಗೆ ನನ್ನ ಮುತ್ತು. ಮಕ್ಕಳಿಗೆಲ್ಲಾ ಆಶೀರ್ವಾದ. ಕನ್ಯೆ ಮರಿಯಳು ನಿನ್ನನ್ನು ಕಾಯಲಿ.

ನಿನ್ನವನು,
ಅಬುಂದಿಯೊ

ಮರೆತಿದ್ದು: ಇದನ್ನು ಗಟ್ಟಿಯಾಗಿ ಓದಬೇಡ, ನಿನಗೊಬ್ಬಳಿಗೇ. ಈಗಷ್ಟೇ ಮೆಟ್ಟಿಲ ಮೇಲೆ ದೊಮಿತಿಲಾಳ ತಂಗಿ ಸಿಕ್ಕಿದ್ದಳು. ನಾಳೆ ಮಧ್ಯಾಹ್ನದೊಳಗೆ ಸರ್ಟಿಫಿಕೇಟು ತೋರಿಸದಿದ್ದರೆ ಆ ಕೆಲಸ ಬೇರೆಯವರಿಗಂತೆ. ನನಗೆ ಹೇಳಕೂಡದೆಂದು ದೊಮಿತಿಲಾ ಮನೆಯಲ್ಲೆಲ್ಲಾ ಆಣೆ ಹಾಕಿಸಿದ್ದಾಳೆ. ನಿನ್ನ ಡಾಕ್ಟರಿಗೆ ಬೇರೆ ದಾರಿ ಹುಡುಕುತ್ತೇನೆ, ಬೈಯಬೇಡ, ಅಥವಾ ಬಂದ ಮೇಲೆ ಬೈ. ನಾಳೆ ಬೆಳಿಗ್ಗೆ ಮಿಸ್ ನೊವಾಕ್ ಬೀಗ ತೆಗೆಯುವ ಮೊದಲೇ ಚರ್ಚಿನ ಬಾಗಿಲಲ್ಲಿ ನಿಂತಿರುತ್ತೇನೆ. ಹೇಳಿಕೊಟ್ಟವನು ನಾನು, ದೊಮಿತಿಲಾಗೆ ಹೊಸ ಪ್ರಶ್ನೆಪತ್ರಿಕೆ ಕೊಡಿ ಎನ್ನುತ್ತೇನೆ. ಅವಳು ಬರೆದು ಮುಗಿಸುವ ತನಕ ಬೀದಿಯಾಚೆಯ ಬಸ್ ಸ್ಟಾಪಿನಲ್ಲಿ, ಹಿಮದಲ್ಲಿ, ಬಾಯಿಗೆ ಮಫ್ಲರು ಬಿಗಿದು ಸುತ್ತಿಕೊಂಡು ನಿಲ್ಲುತ್ತೇನೆ.